ಪಿ.ಜಿ. ಸೇರಿದ ಮಗಳಿಗೆ ದೊಡ್ಡಪ್ಪನ ಕಿವಿಮಾತು

ಮಂಡ್ಯದ ಮಿಮ್ಸ್‌ನಲ್ಲಿ ಎಂ.ಡಿ. ಸೀಟು ಸಿಕ್ಕಿತೆಂದು ಊರೆಲ್ಲ ಹೋಳಿಗೆ ಉಂಡಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲೇ ತಲೆ ನರೆಸಿಕೊಂಡವನು ನಾನು. ಒಂದಿಷ್ಟು ಮಾತು ಕೇಳಿಸಿಕೋ.

• ಸುಸ್ತು ಬೇರೆ, ಬರ್ನ್‌ಔಟ್ ಬೇರೆ, ಖಿನ್ನತೆ ಬೇರೆ ಕಣವ್ವ. ಎರಡು ದಿನ ಊರಿಗೆ ಬಂದು ಉಂಡು ಮಲಗಿದರೆ ಇಳಿಯುವುದು ಸುಸ್ತು. ಬರ್ನ್‌ಔಟ್ ಆದವರು ರೋಗಿಯ ಹೆಸರು ಬಿಟ್ಟು ‘ಆರನೇ ಬೆಡ್’ ಅನ್ನತೊಡಗುತ್ತಾರೆ, ಸಿಸ್ಟರ್ ಮೇಲೆ ಸುಮ್ಮಸುಮ್ಮನೆ ರೇಗುತ್ತಾರೆ. ಅದು ಕೆಲಸದಿಂದ ಬರುವ ಸ್ಥಿತಿ, ರೋಗವಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಎರಡು ವಾರವಾದರೂ ಯಾವುದರಲ್ಲೂ ಮನಸ್ಸು ನಿಲ್ಲದೆ, ನಸುಕಿಗೇ ಎಚ್ಚರವಾಗಿ ‘ನಾನು ಯಾತಕ್ಕೂ ಬಾರದವಳು’ ಅನ್ನಿಸುತ್ತಿದ್ದರೆ ಅದು ಖಿನ್ನತೆ; ರಜೆ ಸಾಲದು, ಚಿಕಿತ್ಸೆ ಬೇಕು.

• ಆ ಚಿಕಿತ್ಸೆಯನ್ನು ನೀನೇ ಕೊಟ್ಟುಕೊಳ್ಳಬೇಡ. ನಿದ್ದೆ ಮಾತ್ರೆ ತಾನೇ ಬರೆದುಕೊಳ್ಳುವುದು ನಮ್ಮ ಡಾಕ್ಟರ್ ಜಾತಿಯ ಹಳೇ ಚಾಳಿ. ಪಾಠ ಹೇಳುವ ಮೇಷ್ಟ್ರ ಮುಂದೆಯೇ ಕೂರಲು ಸಂಕೋಚವಾದರೆ ಮೈಸೂರಿಗೆ ಹೋಗು, ನಿಮ್ಹಾನ್ಸ್‌ಗೆ ಹೋಗು. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿನ್ನ ಗುಟ್ಟು ಕಾಯುತ್ತದೆ. ನಡುರಾತ್ರಿಯಾದರೆ ಟೆಲಿ ಮಾನಸ್: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

• ರಜೆಯನ್ನು ಬರೆದು ಕೇಳು. ಬಾಯಲ್ಲಿ ಕೇಳಿದ್ದು ‘ನೋಡೋಣಮ್ಮ’ದಲ್ಲಿ ಮುಗಿದುಹೋಗುತ್ತದೆ. 2023ರ ಪಿ.ಜಿ. ನಿಯಮದಲ್ಲಿ ವರ್ಷಕ್ಕೆ 20 ದಿನ ರಜೆಯಿದೆ, ಕೆಲಸದ ತುರ್ತು ನೋಡಿಕೊಂಡು ವಾರಕ್ಕೊಂದು ದಿನ ಬಿಡುವೂ ಇದೆ. ನಿಮ್ಹಾನ್ಸ್‌ನ ಡಾ. ಸುರೇಶ್ ಬಡಾ ಮಠ್ ಅಧ್ಯಕ್ಷರಾಗಿದ್ದ, ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಿ ದುಡಿಸಬೇಡಿ ಅಂದಿತು. ಅದೇ ಜಾಸ್ತಿ ಅನ್ನುವವನು ನಾನು. ದಿನಕ್ಕೆ ಸತತ 12 ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತಲ್ಲ!

• ನೈಟ್ ಡ್ಯೂಟಿ ಮುಗಿಸಿ ಸ್ಕೂಟರ್ ಹತ್ತಬೇಡ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ. ಡ್ಯೂಟಿ ಮದ್ದೂರಿನಲ್ಲಿ ಬಿದ್ದರೆ ರೈಲಿದೆ, ಮಳವಳ್ಳಿಯಲ್ಲಾದರೆ ಬಸ್ಸೇ ಗತಿ. ಕೂತು ನಿದ್ದೆ ಮಾಡು.

• ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಗೆ (ಡಿ.ಆರ್.ಪಿ.) ಮದ್ದೂರೋ ಮಳವಳ್ಳಿಯೋ ಬಿದ್ದರೆ ಶಿಕ್ಷೆ ಅಂದುಕೊಳ್ಳಬೇಡ. ಜೊತೆಗಾರರಿಲ್ಲದ ಒಂಟಿತನ ಮಾತ್ರ ಕಾಡುತ್ತದೆ, ಅದಕ್ಕೇ ಸಿಸ್ಟರ್‌ಗಳ ಜೊತೆ ಕೂತು ಉಣ್ಣು. ಮದ್ದೂರು ವಡೆ ಖಿನ್ನತೆಗೆ ಮದ್ದು ಅನ್ನುತ್ತಿಲ್ಲ, ಹೊತ್ತಿಗೆ ಸರಿಯಾಗಿ ತಿನ್ನು ಅನ್ನುತ್ತಿದ್ದೇನೆ.

• ಜೊತೆಯವಳು ಮಂಕಾಗಿದ್ದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳು. ಕೇಳಿದ್ದಕ್ಕೇ ಆ ಯೋಚನೆ ಹುಟ್ಟುವುದಿಲ್ಲ. ‘ಹೂಂ’ ಅಂದರೆ ಒಬ್ಬಳನ್ನೇ ಬಿಡಬೇಡ, ಆಗಲೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗು.

• ಸೀಟು ಬಿಡಬೇಕು ಅನ್ನಿಸಿದರೆ ಬಿಡಬಹುದು, ಆದರೆ ಮನಸ್ಸು ಕುಸಿದಿರುವ ವಾರದಲ್ಲೇ ರಾಜೀನಾಮೆ ಬರೆಯಬೇಡ. ಒಂದೆರಡು ತಿಂಗಳು ಚಿಕಿತ್ಸೆ ತೆಗೆದುಕೊಂಡು ಆಮೇಲೆ ತೀರ್ಮಾನ ಮಾಡು. ದಂಡದ ದುಡ್ಡು, ನಿಮ್ಮಪ್ಪನ ಸಿಟ್ಟು, ಎರಡನ್ನೂ ನಾನು ನೋಡಿಕೊಳ್ಳುತ್ತೇನೆ.