ಮೆದು ಮಗುವಿಗೂ ಮಾತು ಬೇಕು

"ಫಾದರ್, ನಮ್ಮ ಹುಡುಗಿ ಬಲು ಸಾಧು. ಗೆಳತಿ ಅವಳ ಮೈಬಣ್ಣದ ಬಗ್ಗೆ ಏನೇ ಅಂದರೂ ಸುಮ್ಮನಿದ್ದು, ಮನೆಗೆ ಬಂದು ಅಳುತ್ತಾಳೆ. ಯೇಸುಸ್ವಾಮಿಗಾಗಿ ಸಹಿಸಿಕೋ ಎಂದಿದ್ದೇನೆ." ಪೂಜೆ ಮುಗಿದ ಮೇಲೆ ತಾಯಂದಿರು ಹೀಗೆ ಹೇಳುವುದುಂಟು. ಇದೇ ಬುದ್ಧಿಮಾತನ್ನು ನಾನೂ ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ, ಈಗ ಹೇಳುವುದಿಲ್ಲ.

ಯೇಸುಸ್ವಾಮಿ ಏನು ಮಾಡಿದರು? ಕಾಯಫನ ಮಾವ ಅನ್ನನ ಮುಂದೆ ವಿಚಾರಣೆ ನಡೆದಾಗ ಕಾವಲಾಳೊಬ್ಬ ಅವರ ಕೆನ್ನೆಗೆ ಹೊಡೆದ. ಅವರು ತಿರುಗಿ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಸುಮ್ಮನೂ ಇರಲಿಲ್ಲ. ತಾವು ಆಡಿದ್ದರಲ್ಲಿ ತಪ್ಪಿಲ್ಲದಿದ್ದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳಿದರು (ಯೊವಾನ್ನ 18:23). ಇನ್ನೊಂದು ಕೆನ್ನೆಯನ್ನೂ ಒಡ್ಡಬೇಕೆಂದು ಬೋಧಿಸಿದವರೇ ಅವರು! ಸಂತ ತೋಮಸ್ ಅಕ್ವಿನಾಸರು ಈ ಘಟನೆಯನ್ನೇ ಎತ್ತಿಕೊಂಡು, ಸಹಿಸಲು ಮನಸ್ಸು ಸಿದ್ಧವಿರಬೇಕು, ಆದರೂ ನಿಂದಿಸುವವನ ಹಿತಕ್ಕಾಗಿಯೇ ಕೆಲವೊಮ್ಮೆ ಅವನನ್ನು ತಡೆಯಬೇಕಾಗುತ್ತದೆ ಎನ್ನುತ್ತಾರೆ. ಯಾರೂ ತಡೆಯದಿದ್ದರೆ ಆ ಗೆಳತಿಗೆ ತನ್ನ ತಪ್ಪು ತಿಳಿಯುವುದಾದರೂ ಹೇಗೆ?

ಆದ್ದರಿಂದ, ತಾಯಿತಂದೆಯರೇ, ಮೊದಲು ಮಗು ಹೇಳುವುದನ್ನು ಪೂರ್ತಿ ಕೇಳಿ. ಗೆಳತಿಯ ಮನೆಗೆ ಜಗಳಕ್ಕೆ ಓಡಬೇಡಿ. ಒಂದೇ ಒಂದು ಮಾತು ಕಲಿಸಿ: "ನೀನು ಹಾಗೆ ಅಂದರೆ ನನಗೆ ನೋವಾಗುತ್ತೆ. ಇನ್ನು ಅನ್ನಬೇಡ." ಮೆದು ಮಗುವಿಗೆ ಇಷ್ಟೂ ಕಷ್ಟವೇ. ರಾತ್ರಿ ಜಪಸರವಾದ ಮೇಲೆ ನೀವೇ ಗೆಳತಿಯಂತೆ ಎದುರು ನಿಂತು, ಅವಳಿಂದ ನಾಲ್ಕೈದು ಸಲ ಹೇಳಿಸಿ. ನಗು ಬರುತ್ತದೆ, ಬರಲಿ. ಎಲ್ಲರೆದುರು ಬೇಡ, ಇಬ್ಬರೇ ಇದ್ದಾಗ ಹೇಳಲಿ (ಮತ್ತಾಯ 18:15). ಆಮೇಲೂ ನಿಲ್ಲದಿದ್ದರೆ ಟೀಚರಿಗೆ ತಿಳಿಸುವುದು ಚಾಡಿಯಲ್ಲವೆಂದು ಮೊದಲೇ ಹೇಳಿಡಿ. ಅಲ್ಲಿಯವರೆಗೆ ಬೇರೆ ಮಕ್ಕಳ ಜೊತೆ ಆಡಲಿ.