ಹೆಚ್ಚು ಹೊತ್ತಿನ ದುಡಿಮೆಯೂ ಪೋಲೀಸರ ವಿಶ್ರಾಂತಿ ವೇತನವೂ

ಸರ್ಕಾರಿ ನೌಕರಿಯ ಮಾತು ಬಂದಾಗ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ತಿಂಗಳಿಗೆ ಎಷ್ಟು ಬರುತ್ತದೆ?’ ಆದರೆ ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅದಕ್ಕಿಂತ ಮುಖ್ಯವಾದ ಬೇರೆ ಎರಡು ಪ್ರಶ್ನೆಗಳುಂಟು. ಆ ಸಂಬಳ ಎಷ್ಟು ಹೊತ್ತಿನ ದುಡಿಮೆಗೆ ಸಲ್ಲುತ್ತದೆ ಎಂಬುದು ಮೊದಲನೆಯದು. ದುಡಿಯುವ ಕೈ ಸೋತ ಮೇಲೆ ಆ ದುಡಿಮೆಯ ಫಲ ಎಷ್ಟು ಉಳಿದು ಬರುತ್ತದೆ ಎಂಬುದು ಎರಡನೆಯದು. ಈ ಎರಡು ಪ್ರಶ್ನೆಗಳೂ ಒಂದೆಡೆ ಸೇರುವ ಜಾಗ ಪೋಲೀಸ್ ಇಲಾಖೆ. ಅಲ್ಲಿ ನಿಗದಿಗೆ ಮೀರಿದ ದುಡಿಮೆಗೂ ವಿಶ್ರಾಂತಿ ವೇತನಕ್ಕೂ ಇರುವ ಸಂಬಂಧವೇನು, ಅದರಿಂದ ಬೊಕ್ಕಸದ ಮೇಲೆ ಬೀಳುವ ಹೊರೆ ಎಷ್ಟು ಎಂಬುದನ್ನು ನನ್ನ ಅಲ್ಪಮತಿಗೆ ತಿಳಿದಮಟ್ಟಿಗೆ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ನಾವಿರುವ ತ್ಯಾಗರಾಜನಗರದ ಬೀದಿಯಲ್ಲಿ ಇಬ್ಬರು ಪೋಲೀಸರಿದ್ದಾರೆ. ಒಬ್ಬರು ನಿವೃತ್ತರಾದ ಹಿರಿಯರು. 1980ರ ದಶಕದಲ್ಲಿ ಪೇದೆಯಾಗಿ ಸೇರಿದವರು. ಪ್ರತಿ ತಿಂಗಳೂ ಅವರಿಗೆ ವಿಶ್ರಾಂತಿ ವೇತನ ಬರುತ್ತದೆ. ಬೆಲೆ ಏರಿದಂತೆ ತುಟ್ಟಿಭತ್ಯೆಯೂ ಏರುತ್ತದೆ. ಇನ್ನೊಬ್ಬರು ನನ್ನ ಸೋದರಮಾವ. 2008ರಲ್ಲಿ ಸೇರಿದವರು, ಇಂದಿಗೂ ಸೇವೆಯಲ್ಲಿರುವವರು. ಇಬ್ಬರದೂ ಒಂದೇ ಖಾಕಿ, ಒಂದೇ ಬಗೆಯ ಕೆಲಸ. ಆದರೆ ಅವರ ಮುಪ್ಪಿನ ಲೆಕ್ಕ ಒಂದೇ ಅಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದ್ದರಿಂದ, ಕಾಗದಪತ್ರ ಏನು ಬಂದರೂ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಈ ವ್ಯತ್ಯಾಸ ನನ್ನ ಕಣ್ಣಿಗೆ ಬಿದ್ದದ್ದು ಹಾಗೆ.

ಮೊದಲು ವಿಶ್ರಾಂತಿ ವೇತನದ ಸ್ವರೂಪವನ್ನು ತಿಳಿಯೋಣ. ಅದು ಸರ್ಕಾರ ದಯೆತೋರಿ ಕೊಡುವ ದಾನವೆಂಬ ಭಾವನೆ ಬಹುಕಾಲ ಇತ್ತು. 1982ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಡಿ. ಎಸ್. ನಕಾರಾ ಅವರ ಮೊಕದ್ದಮೆಯಲ್ಲಿ, ವಿಶ್ರಾಂತಿ ವೇತನ ಭಿಕ್ಷೆಯಲ್ಲ, ನೌಕರನು ತನ್ನ ಹಿಂದಿನ ಸೇವೆಯಿಂದ ಗಳಿಸಿಕೊಂಡ ಹಕ್ಕು ಎಂದು ಸಾರಿತು. ಆ ದಿನವನ್ನು ಇಂದಿಗೂ ನಿವೃತ್ತರು ತಮ್ಮ ದಿನವೆಂದು ಆಚರಿಸುತ್ತಾರೆ. ಇದು ಗಳಿಸಿದ ಹಕ್ಕು ಎಂದ ಮೇಲೆ, ಯಾವ ದುಡಿಮೆ ಆ ಗಳಿಕೆಗೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಕೇಳುವುದು ಸಹಜವೇ ಆಗಿದೆ.

ನಮ್ಮ ರಾಜ್ಯದ ಹಳೆಯ ಪದ್ಧತಿಯ ಲೆಕ್ಕ ಸ್ಥೂಲವಾಗಿ ಹೀಗಿದೆ. ಪೂರ್ಣಾವಧಿ ಸೇವೆ ಸಲ್ಲಿಸಿದವನಿಗೆ, ಕಡೆಯಲ್ಲಿ ಪಡೆದ ಮೂಲ ವೇತನದ ಅರ್ಧದಷ್ಟು ವಿಶ್ರಾಂತಿ ವೇತನ ಸಿಗುತ್ತದೆ. ಇಲ್ಲಿ ಗಮನಿಸಬೇಕಾದ ಮಾತು ‘ಮೂಲ ವೇತನ’ ಎಂಬುದು. ಮನೆ ಬಾಡಿಗೆ ಭತ್ಯೆ, ಸಮವಸ್ತ್ರ ಭತ್ಯೆ, ಪೋಲೀಸರಿಗೆಂದೇ ಕೊಡುವ ಕಷ್ಟ ಪರಿಹಾರ ಭತ್ಯೆ ಇವಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರ ಒಬ್ಬ ಪೇದೆಗೆ ಸಾವಿರ ರೂಪಾಯಿಯನ್ನು ಭತ್ಯೆಯಾಗಿ ಕೊಟ್ಟರೆ ಅದು ಆ ತಿಂಗಳಿಗೇ ಮುಗಿಯಿತು. ಅದೇ ಸಾವಿರವನ್ನು ಮೂಲ ವೇತನಕ್ಕೆ ಸೇರಿಸಿದರೆ ಅದರ ಅರ್ಧ ಅವನ ಮುಪ್ಪಿನವರೆಗೂ ಹಿಂಬಾಲಿಸುತ್ತದೆ. ರಾಘವೇಂದ್ರ ಔರಾದ್ಕರ್ ಸಮಿತಿ 2016ರಲ್ಲಿ ಪೋಲೀಸರ ವೇತನದ ತಾರತಮ್ಯವನ್ನು ಕುರಿತು ವರದಿ ಕೊಟ್ಟಿತು. ಆ ವರದಿಯ ಮೇರೆಗೆ 2019ರಲ್ಲಿ ಪೇದೆಯ ವೇತನ ಶ್ರೇಣಿಯ ಆರಂಭ 21,400 ರೂಪಾಯಿಯಿಂದ 23,500ಕ್ಕೆ ಏರಿತು. ಏರಿದ್ದು 2,100 ರೂಪಾಯಿ ಮಾತ್ರವಾದರೂ ಅದು ಮೂಲ ವೇತನದಲ್ಲಿ ಏರಿದ್ದರಿಂದ ಅದಕ್ಕೆ ಭತ್ಯೆಗಿಂತ ಹೆಚ್ಚಿನ ಬೆಲೆಯುಂಟು.

ಇನ್ನು ಹೆಚ್ಚು ಹೊತ್ತಿನ ದುಡಿಮೆ, ಎಂದರೆ ಓವರ್‌ಟೈಮಿನ ವಿಷಯ. ಕಾರ್ಖಾನೆಯ ಕಾರ್ಮಿಕನು ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿ ದುಡಿದರೆ ಇಮ್ಮಡಿ ದರದಲ್ಲಿ ಕೂಲಿ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆ ವಿಧಿಸಿತು. ಇಮ್ಮಡಿ ಕೂಲಿಯ ಆ ತತ್ತ್ವ ನಮ್ಮ ಕಾರ್ಮಿಕ ಕಾನೂನಿನಲ್ಲಿ ಇಂದಿಗೂ ನಿಂತಿದೆ. ಪೋಲೀಸಿನವನಿಗೆ ಈ ಅಳತೆಗೋಲಿಲ್ಲ. ಬ್ರಿಟಿಷರು 1861ರಲ್ಲಿ ಮಾಡಿದ ಪೋಲೀಸ್ ಕಾಯಿದೆ, ಪೋಲೀಸ್ ಅಧಿಕಾರಿಯು ಸದಾಕಾಲವೂ ಕರ್ತವ್ಯದ ಮೇಲೆ ಇರುವವನೆಂದು ಭಾವಿಸತಕ್ಕದ್ದು ಎಂದಿತು. ನಮ್ಮ 1963ರ ಪೋಲೀಸ್ ಕಾಯಿದೆಯಲ್ಲಿಯೂ ಅದೇ ಭಾವ ಮುಂದುವರಿದಿದೆ. ಸದಾ ಕರ್ತವ್ಯದಲ್ಲಿರುವವನಿಗೆ ‘ಹೆಚ್ಚು ಹೊತ್ತು’ ಎಂಬುದೇ ಇರಲಾರದಷ್ಟೆ! ಸೇವಾ ನಿಯಮಗಳಲ್ಲಿ ಹೇಳದ ಹೊರತು ಸರ್ಕಾರಿ ಸೇವೆಯಲ್ಲಿರುವವರು ಇಮ್ಮಡಿ ಓವರ್‌ಟೈಮ್ ಭತ್ಯೆಯನ್ನು ಹಕ್ಕೆಂದು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 2023ರಲ್ಲಿ ತೀರ್ಪಿತ್ತಿದೆ.

ಕಾನೂನಿನ ಕಣ್ಣಿಗೆ ಕಾಣದ ಈ ಹೊತ್ತು ನಿಜದಲ್ಲಿ ಎಷ್ಟು? ಕೇಂದ್ರದ ಪೋಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಹೈದರಾಬಾದಿನ ಅಡ್ಮಿನಿಸ್ಟ್ರೇಟಿವ್ ಸ್ಟಾಫ್ ಕಾಲೇಜಿನ ನೆರವಿನಿಂದ ದೇಶದ ಠಾಣೆಗಳನ್ನು ಅಭ್ಯಸಿಸಿ 2014ರಲ್ಲಿ ಒಂದು ವರದಿ ಹೊರತಂದಿತು. ಠಾಣೆಯ ಸಿಬ್ಬಂದಿಯಲ್ಲಿ ಸುಮಾರು ಶೇಕಡ 90 ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದು ಅದರಿಂದ ತಿಳಿದುಬಂತು. ತಮಗೆ ತಿಂಗಳಿಗೆ ಒಂದು ವಾರದ ರಜೆಯೂ ದಕ್ಕುವುದಿಲ್ಲವೆಂದು ಠಾಣೆಯ ಸಿಬ್ಬಂದಿಯಲ್ಲಿ ಶೇಕಡ 73.6ರಷ್ಟು ಮಂದಿ ಹೇಳಿದರು. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳ 2019ರ ಸಮೀಕ್ಷೆಯ ಪ್ರಕಾರ ಪೋಲೀಸರ ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ.

ನಮ್ಮ ಬಡಾವಣೆಯವರಿಗೆ ಇದು ಕಣ್ಣೆದುರಿನ ಸಂಗತಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ ಸೇರುತ್ತದೆ. ಲಕ್ಷಾಂತರ ಜನ ಬಂದು ಕಡಲೆಕಾಯಿ ಕೊಂಡು ಹೋಗುತ್ತಾರೆ. ಬಂದೋಬಸ್ತಿಗೆ ನಿಂತ ಪೇದೆ ಬೆಳಿಗ್ಗೆ ನಿಂತವನು ರಾತ್ರಿ ಜನ ಕರಗುವವರೆಗೂ ನಿಂತಿರುತ್ತಾನೆ. ಗಣೇಶನ ವಿಸರ್ಜನೆ, ಚುನಾವಣೆ, ಮಂತ್ರಿಗಳ ಭೇಟಿ ಇವೆಲ್ಲ ಇದರ ಮೇಲೆ. ಹೋದ ಪರಿಷೆಯಾದ ಮೇಲೆ ಮಾವ ತಮ್ಮ ಸಂಬಳದ ಚೀಟಿಯನ್ನು ನನ್ನ ಮುಂದಿಟ್ಟು, “ಅರ್ಥಶಾಸ್ತ್ರ ಓದೋನಲ್ಲವೇನೋ ನೀನು? ಇದರಲ್ಲಿ ಪರಿಷೆ ಎಲ್ಲಿದೆ ತೋರಿಸು ನೋಡೋಣ” ಎಂದರು. “ಕಷ್ಟ ಪರಿಹಾರ ಭತ್ಯೆ ಅಂತ ಇದೆಯಲ್ಲ ಮಾವ” ಎಂದೆ. “ಅದು ಪರಿಷೆ ಇರಲಿ ಬಿಡಲಿ, ಪ್ರತಿ ತಿಂಗಳೂ ಅಷ್ಟೇ ಕಣೋ” ಎಂದು ನಕ್ಕರು. ಅವರ ಮಾತಿನಲ್ಲಿ ಒಂದು ಶಾಸ್ತ್ರೀಯ ಸತ್ಯವಿದೆ. ಭತ್ಯೆ ಹುದ್ದೆಗೆ ಸಿಗುತ್ತದೆ, ಗಂಟೆಗೆ ಸಿಗುವುದಿಲ್ಲ. ಆದಕಾರಣ ಹೆಚ್ಚು ಗಂಟೆ ದುಡಿಸಿದರೂ ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲ. ಖರ್ಚಿಲ್ಲದ್ದನ್ನು ಮಿತವಾಗಿ ಬಳಸಬೇಕೆಂಬ ಎಚ್ಚರ ಯಾರಿಗೂ ಹುಟ್ಟುವುದಿಲ್ಲ.

ಹಾಗಾದರೆ ಓವರ್‌ಟೈಮಿಗೆ ಹಣ ಕೊಟ್ಟು, ಅದನ್ನು ವಿಶ್ರಾಂತಿ ವೇತನಕ್ಕೂ ಸೇರಿಸಿಬಿಟ್ಟರೆ ಸರಿಹೋಯಿತೇ? ಇಲ್ಲಿ ಅಮೆರಿಕದ ಅನುಭವ ನಮಗೆ ಪಾಠವಾಗಬಲ್ಲದು. ನ್ಯೂಯಾರ್ಕಿನಂಥ ನಗರಗಳಲ್ಲಿ ಪೋಲೀಸರ ಓವರ್‌ಟೈಮ್ ಗಳಿಕೆಯೂ ಕಡೆಯ ವರ್ಷಗಳ ವೇತನದಲ್ಲಿ ಸೇರಿ, ವಿಶ್ರಾಂತಿ ವೇತನಕ್ಕೆ ತಳಹದಿಯಾಗುತ್ತದೆ. ಇದರಿಂದ ನಿವೃತ್ತಿ ಹತ್ತಿರ ಬಂದವರು ಕಡೆಯ ವರ್ಷಗಳಲ್ಲಿ ಓವರ್‌ಟೈಮನ್ನು ರಾಶಿ ಹಾಕಿಕೊಳ್ಳುವ ಆಸೆಗೆ ಎಡೆಯಾಯಿತು. ಒಂದೆರಡು ವರ್ಷದ ದುಡಿಮೆಯ ಬಿಲ್ಲನ್ನು ತೆರಿಗೆದಾರರು ದಶಕಗಳ ಕಾಲ ತೆರಬೇಕಾಯಿತು. ಆದ್ದರಿಂದಲೇ ನ್ಯೂಯಾರ್ಕ್ ರಾಜ್ಯ 2012ರಲ್ಲಿ, ಹೊಸದಾಗಿ ಸೇರುವವರ ಓವರ್‌ಟೈಮ್ ವಿಶ್ರಾಂತಿ ವೇತನದ ಲೆಕ್ಕಕ್ಕೆ ಎಷ್ಟು ಸೇರಬಹುದೆಂಬುದಕ್ಕೆ ಮಿತಿ ಹಾಕಿತು. ಕ್ಯಾಲಿಫೋರ್ನಿಯಾದ ಕಾನೂನು 2013ರ ಜನವರಿ 1ರಿಂದ ಹೊಸಬರಿಗೆ ಅದನ್ನು ಲೆಕ್ಕದಿಂದಲೇ ಹೊರಗಿಟ್ಟಿತು.

ಈ ಭಯ ಎಷ್ಟು ದೊಡ್ಡದೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ಕಾಣಬಹುದು. ಕಡೆಯ ಮೂಲ ವೇತನ 60,000 ರೂಪಾಯಿ ಇರುವವನಿಗೆ ಹಳೆಯ ಪದ್ಧತಿಯಲ್ಲಿ 30,000 ರೂಪಾಯಿ ವಿಶ್ರಾಂತಿ ವೇತನ. ಕಡೆಯ ವರ್ಷ ಅವನು ತಿಂಗಳಿಗೆ 10,000 ರೂಪಾಯಿ ಓವರ್‌ಟೈಮ್ ಗಳಿಸಿ, ಅದೂ ಲೆಕ್ಕಕ್ಕೆ ಸೇರಿತೆನ್ನೋಣ. ಆಗ ವಿಶ್ರಾಂತಿ ವೇತನ 35,000 ಆಗುತ್ತದೆ. ಆ ವರ್ಷ ಸರ್ಕಾರ ಕೊಟ್ಟ ಓವರ್‌ಟೈಮ್ 1,20,000 ರೂಪಾಯಿ. ಅವನು 20 ವರ್ಷ ಬದುಕಿದರೆ ಅದರಿಂದ ಹೆಚ್ಚಿದ ವಿಶ್ರಾಂತಿ ವೇತನವೇ 12 ಲಕ್ಷ ರೂಪಾಯಿ. ಎಂದರೆ ಹತ್ತು ಪಟ್ಟು. ಇದಕ್ಕೆ ತುಟ್ಟಿಭತ್ಯೆಯನ್ನು ಸೇರಿಸಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಬೊಕ್ಕಸ ಇಂಥ ಲೆಕ್ಕಕ್ಕೆ ಹೆದರಿದರೆ ತಪ್ಪಲ್ಲ.

ಆದರೆ ಇಲ್ಲಿಯೇ ನಾನು ವಾಚಕರ ಗಮನವನ್ನು ಒಂದು ಸಂಗತಿಯತ್ತ ಸೆಳೆಯಬಯಸುತ್ತೇನೆ. ಈ ಹೆದರಿಕೆ ಹಳೆಯ ಪದ್ಧತಿಗೆ ಸೇರಿದ್ದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರುವವರಿಗೆ ಹೊಸ ಪದ್ಧತಿ ಬಂತು. ಅದರಂತೆ ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡ 10ರಷ್ಟು ಅವನ ಸಂಬಳದಿಂದ ಕಡಿತವಾಗುತ್ತದೆ. ಸರ್ಕಾರವೂ ತನ್ನ ಪಾಲು ಹಾಕುತ್ತದೆ. ಆ ಪಾಲು ಮೊದಲು ಶೇಕಡ 10 ಇದ್ದದ್ದು 2019ರ ಏಪ್ರಿಲ್‌ನಿಂದ 14ಕ್ಕೆ ಏರಿತು. ಕೂಡಿದ ನಿಧಿ ಪೇಟೆಯಲ್ಲಿ ಬೆಳೆದಷ್ಟೇ ಮುಪ್ಪಿನ ಆಸರೆ. ಕಡೆಯ ತಿಂಗಳ ಸಂಬಳದ ಅರ್ಧವೆಂಬ ಖಾತರಿ ಇಲ್ಲ. ಹಳೆಯ ಪದ್ಧತಿಯೇ ಬೇಕೆಂದು ನೌಕರರು ಕೇಳುತ್ತಿರುವುದೂ, 2023ರ ಮಾರ್ಚ್ 1ರ ಮುಷ್ಕರದಲ್ಲಿ ಅದೂ ಒಂದು ಬೇಡಿಕೆಯಾಗಿದ್ದುದೂ ಎಲ್ಲರಿಗೂ ತಿಳಿದದ್ದೇ.

ಮೇಲಿನ ಉದಾಹರಣೆಯನ್ನೇ ಈ ಪದ್ಧತಿಗೆ ಹಚ್ಚಿ ನೋಡೋಣ. 1,20,000 ರೂಪಾಯಿ ಓವರ್‌ಟೈಮಿನ ಮೇಲೆ ನೌಕರನ ಪಾಲು 12,000, ಸರ್ಕಾರದ ಪಾಲು 16,800. ಒಟ್ಟು 28,800 ರೂಪಾಯಿ ನಿಧಿಗೆ ಸೇರುತ್ತದೆ. ಅಲ್ಲಿಗೆ ಸರ್ಕಾರದ ಹೊಣೆ ತೀರಿತು. 12 ಲಕ್ಷದ ಬಾಲ ಇದಕ್ಕಿಲ್ಲ. ಮುಂದಿನ ಪೀಳಿಗೆಯ ತೆರಿಗೆದಾರನ ಮೇಲೆ ಹೊರೆಯೂ ಇಲ್ಲ. ಕಡೆಯ ವರ್ಷ ರಾಶಿ ಹಾಕಿಕೊಂಡರೂ ಪ್ರಯೋಜನವಿಲ್ಲ. ಇಪ್ಪತ್ತೈದರ ಪ್ರಾಯದಲ್ಲಿ ದುಡಿದ ಗಂಟೆಗೇ ನಿಧಿಯಲ್ಲಿ ಬೆಳೆಯಲು ಹೆಚ್ಚು ಕಾಲ ಸಿಗುತ್ತದೆ. ಹೀಗಿರುವಾಗ, 2006ರ ಬಳಿಕ ಸೇರಿದ ಪೋಲೀಸರ ಹೆಚ್ಚು ಹೊತ್ತಿನ ದುಡಿಮೆಯನ್ನು ಎಣಿಸಿ, ಅದಕ್ಕೆ ಹಣ ಕೊಟ್ಟು, ಆ ಹಣದ ಮೇಲೂ ನಿಧಿಗೆ ಪಾಲು ಹಾಕುವುದಕ್ಕೆ ಬೊಕ್ಕಸದ ನಾಳೆಯ ಭಯ ಅಡ್ಡಿಯಾಗಬೇಕಾಗಿಲ್ಲ. ಹೊಸ ಪದ್ಧತಿಯ ನಷ್ಟವನ್ನು ಹೊತ್ತವರಿಗೆ ಅದರಿಂದ ಆಗಬಹುದಾದ ಒಂದು ಲಾಭವನ್ನಾದರೂ ಸಲ್ಲಿಸುವುದು ನ್ಯಾಯವೆಂದು ನನಗೆ ತೋರುತ್ತದೆ.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹಣ ಬರುತ್ತದೆಂದು ದೇಹವನ್ನು ದಂಡಿಸಿಕೊಂಡು ದುಡಿಯುವವರು ಹೆಚ್ಚಬಹುದು. ಸುಳ್ಳು ಗಂಟೆ ಬರೆಯುವವರೂ ಇರಬಹುದು. ಸುಳ್ಳಿನ ಮಾತಿಗೆ ಉತ್ತರ, ಠಾಣಾ ದಿನಚರಿಯಲ್ಲಿ ಹೋದ ಹೊತ್ತು ಬಂದ ಹೊತ್ತನ್ನು ಬರೆದು ಮೇಲಧಿಕಾರಿ ತನಿಖೆ ಮಾಡುವುದು. ದೇಹದಂಡನೆಯ ಮಾತಿಗೆ ಉತ್ತರ, ಓವರ್‌ಟೈಮಿಗೆ ಮಿತಿ ಇಟ್ಟು ಸಿಬ್ಬಂದಿಯನ್ನು ಹೆಚ್ಚಿಸುವುದು. ಎಂಟು ಗಂಟೆಯ ಪಾಳಿ ನಡೆಯಬೇಕಾದರೆ ಠಾಣೆಗಳಿಗೆ ಈಗಿರುವುದರ 1.68 ಪಟ್ಟು ಜನ ಬೇಕೆಂದು 2014ರ ವರದಿಯೇ ಹೇಳಿದೆ. ಮುಂಬಯಿಯಲ್ಲಿ ಒಬ್ಬ ಪೇದೆಯೇ ಕೊಟ್ಟ ಯೋಜನೆಯಂತೆ 2016ರಲ್ಲಿ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯ ಪ್ರಯೋಗ ಆರಂಭವಾಯಿತೆಂಬುದು ನೆನೆಯತಕ್ಕ ಸಂಗತಿ.

1.68 ಎಂಬ ಈ ಅಂಕೆಗೆ ಇನ್ನೊಂದು ಅರ್ಥವೂ ಉಂಟು. ನೂರು ಜನ ನೂರ ಅರವತ್ತೆಂಟು ಜನರ ಕೆಲಸ ಮಾಡುತ್ತಿದ್ದಾರೆಂದರೆ, ಆ ಅರವತ್ತೆಂಟು ಜನರ ಸಂಬಳದ ಜೊತೆಗೆ ಅವರ ಮುಪ್ಪಿನ ವೆಚ್ಚವೂ ಸರ್ಕಾರಕ್ಕೆ ಉಳಿಯುತ್ತಿದೆ. ಆಯವ್ಯಯ ಪತ್ರದಲ್ಲಿ ಈ ಉಳಿತಾಯ ಕಾಣುವುದಿಲ್ಲ. ಅದನ್ನು ತೆರುತ್ತಿರುವವರು ನಿದ್ದೆಗೆಟ್ಟ ಪೇದೆಗಳು, ಹಬ್ಬದ ದಿನ ಅವರಿಗಾಗಿ ಎಲೆ ಹಾಕಿಕೊಂಡು ಕಾಯುವ ಅವರ ಮನೆಯವರು.

ಸಾರಾಂಶವಿಷ್ಟು. ಕಡೆಯ ವೇತನಕ್ಕೆ ಓವರ್‌ಟೈಮನ್ನು ಸೇರಿಸಿ ಮುಂದಿನವರ ಮೇಲೆ ಸಾಲ ಹೊರಿಸುವುದು ಒಂದು ಅತಿ. ದುಡಿದ ಗಂಟೆಯನ್ನು ಎಣಿಸದೆಯೇ ಬಿಡುವುದು ಇನ್ನೊಂದು ಅತಿ. ದುಡಿಸಿದ ವರ್ಷವೇ ಕೂಲಿ, ಆ ವರ್ಷವೇ ಮುಪ್ಪಿನ ನಿಧಿಗೆ ಪಾಲು ಎಂಬುದು ನಡುವಣ ದಾರಿ. ನಮ್ಮಲ್ಲಿ ಹಲವರು ನಾಳೆ ಸರ್ಕಾರಿ ಕಛೇರಿಗಳಲ್ಲಿ ಕುಳಿತು ಇಂಥ ಕಡತಗಳ ಮೇಲೆ ಟಿಪ್ಪಣಿ ಬರೆಯುವವರು. ಅಂದು ಎಷ್ಟು ಕೊಟ್ಟೆವು ಎಂಬ ಲೆಕ್ಕದ ಪಕ್ಕದಲ್ಲಿ ಎಷ್ಟು ಹೊತ್ತು ದುಡಿಸಿದೆವು ಎಂಬ ಲೆಕ್ಕವನ್ನೂ ಬರೆಯುವ ಅಭ್ಯಾಸ ನಮಗೆ ಬಂದರೆ, ನಾವು ಓದಿದ ಅರ್ಥಶಾಸ್ತ್ರ ಸಾರ್ಥಕವಾದೀತು.