ಪಾಲು ಬೇರೆ, ಪಗಾರ ಬೇರೆ, ಗಲ್ಲಾ ಬೇರೆ



ಮುಂಬಯಿಯ ನಮ್ಮವರ ಹೋಟೆಲುಗಳಲ್ಲಿ ಈಗ ಮೂರನೆಯ ತಲೆಮಾರು ಬಂದು ನಿಂತಿದೆ. ಅಜ್ಜ ಊರಿನಿಂದ ಬಂದು ಕಪ್ಪು ಬಸಿ ತೊಳೆದು, ಮಾಣಿಯಾಗಿ ದುಡಿದು, ಕೊನೆಗೆ ಒಂದು ಜಾಗ ಹಿಡಿದರು. ತಂದೆ, ದೊಡ್ಡಪ್ಪ, ಚಿಕ್ಕಪ್ಪ ಸೇರಿ ಒಂದನ್ನು ನಾಲ್ಕು ಮಾಡಿದರು. ಈಗ ಮೊಮ್ಮಕ್ಕಳು ಹತ್ತು ಹನ್ನೆರಡು ಮಂದಿ. ಇಬ್ಬರು ಗಲ್ಲಾದಲ್ಲಿದ್ದಾರೆ, ಉಳಿದವರು ಕಂಪ್ಯೂಟರ್ ಕಂಪೆನಿಯಲ್ಲೋ ಬ್ಯಾಂಕಿನಲ್ಲೋ ಅಮೆರಿಕದಲ್ಲೋ. ಗಿರಾಕಿ ಇಲ್ಲದೆ ಮುಚ್ಚಿದ ಹೋಟೆಲುಗಳಿಗಿಂತ ಮನೆಯೊಳಗಿನ ಜಗಳದಿಂದ ಬಾಗಿಲು ಹಾಕಿದವನ್ನೇ ನಾನು ಹೆಚ್ಚು ನೋಡಿದ್ದೇನೆ.

ಜಗಳ ಹುಟ್ಟುವುದು ಮೂರು ವಿಷಯಗಳನ್ನು ಒಂದೇ ಡಬ್ಬಿಗೆ ಹಾಕುವುದರಿಂದ. ಯಾರಿಗೆ ಎಷ್ಟು ಪಾಲು ಎಂಬುದು ಒಂದು. ದುಡಿದವನಿಗೆ ಎಷ್ಟು ಪಗಾರ ಎಂಬುದು ಇನ್ನೊಂದು. ಗಲ್ಲಾದಲ್ಲಿ ಕೂತು ಕೊನೆಯ ಮಾತು ಹೇಳುವವರು ಯಾರು ಎಂಬುದು ಬೇರೆಯೇ. ಅಜ್ಜನ ಕಾಲದಲ್ಲಿ ಮೂರೂ ಒಬ್ಬರದ್ದೇ ಆಗಿತ್ತು, ಹಾಗಾಗಿ ಯಾರೂ ಕೇಳಲಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಮೂವರು ಅಣ್ಣತಮ್ಮಂದಿರು, ಸಮಪಾಲು. ಖರ್ಚು ಕಳೆದು ತಿಂಗಳಿಗೆ 3 ಲಕ್ಷ ಉಳಿಯಿತು ಅನ್ನೋಣ. ತಲಾ 1 ಲಕ್ಷ ಹಂಚಿದರೆ ಬೆಳಿಗ್ಗೆ 5ಕ್ಕೆ ಶಟರ್ ಎತ್ತುವ ನಡುವಿನವನಿಗೆ ಹೊಟ್ಟೆ ಉರಿಯುತ್ತದೆ. ಅವನು ಗಲ್ಲಾದಿಂದ ಸ್ವಲ್ಪ ತೆಗೆದು ಕಿಸೆಗೆ ಹಾಕಿಕೊಂಡರೆ ಉಳಿದಿಬ್ಬರು ಕಳ್ಳ ಎನ್ನುತ್ತಾರೆ. ಅದರ ಬದಲು, ಹೊರಗಿನ ಮ್ಯಾನೇಜರನಿಗೆ ಕೊಡುವಷ್ಟು, ಅಂದರೆ 60 ಸಾವಿರ, ಅವನಿಗೆ ಮೊದಲು ಪಗಾರ ಕೊಡಿ. ಉಳಿದ 2 ಲಕ್ಷ 40 ಸಾವಿರವನ್ನು ಮೂರು ಪಾಲು ಮಾಡಿ, ತಲಾ 80 ಸಾವಿರ. ದುಡಿದವನಿಗೆ 1 ಲಕ್ಷ 40 ಸಾವಿರ ಸಿಕ್ಕಿತು, ಊರಿನಲ್ಲಿದ್ದವನ ಪಾಲೂ ಹೋಗಲಿಲ್ಲ. ಆದರೆ ಈ ಪಗಾರದ ಮಾತು ಪಾರ್ಟ್ನರ್‌ಶಿಪ್ ಡೀಡಿನಲ್ಲಿ ಬರೆದಿರಬೇಕು. ಬರೆಯದಿದ್ದರೆ ಆದಾಯ ತೆರಿಗೆಯವರು ಅದನ್ನು ಖರ್ಚೆಂದು ಒಪ್ಪುವುದಿಲ್ಲ, ಬರೆದರೂ ಅದಕ್ಕೊಂದು ಮಿತಿ ಇದೆ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಇಡೀ ಕುಟುಂಬದ್ದು, ಹೆಣ್ಣಿನ ಸಂತಾನದ ಮೂಲಕ ಇಳಿದು ಬರುವಂಥದ್ದು. ಯಜಮಾನ ನೋಡಿಕೊಳ್ಳುವವನು ಮಾತ್ರ. ಗದ್ದೆಯೆಲ್ಲ ಅವನ ಮಾತಿನಂತೆ ನಡೆದರೂ ಗದ್ದೆ ಅವನೊಬ್ಬನದ್ದಾಗಿರಲಿಲ್ಲ. 1949ರ ಕಾಯ್ದೆ ಬಂದ ಮೇಲೆ ಕವರುಗಳು ಪಾಲು ಕೇಳುವ ಹಕ್ಕು ಪಡೆದವು, 1956ರ ನಂತರ ಆ ಪದ್ಧತಿಯೇ ಕರಗುತ್ತಾ ಬಂತು. ಹೋಟೆಲಿಗೆ ಬಂದಾಗ ಮಾತ್ರ ಗಲ್ಲಾದಲ್ಲಿ ಕೂತವನೇ ಒಡೆಯ ಎಂದು ನಾವು ತಿಳಿದುಕೊಂಡೆವು.

ದೊಡ್ಡವರ ಮನೆಯೂ ಇದಕ್ಕೆ ಹೊರತಲ್ಲ. ಧೀರೂಭಾಯಿ ಅಂಬಾನಿಯವರು 2002ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅಣ್ಣತಮ್ಮಂದಿರ ಜಗಳ ಬೀದಿಗೆ ಬಂದು, 2005ರಲ್ಲಿ ತಾಯಿಯೇ ಮುಂದೆ ನಿಂತು ಪಾಲು ಮಾಡಬೇಕಾಯಿತು. ಡಾಬರಿನ ಬರ್ಮನ್ ಕುಟುಂಬದವರು 1998ರಲ್ಲಿ ದಿನದ ಆಡಳಿತವನ್ನು ಹೊರಗಿನ ವೃತ್ತಿಪರರಿಗೆ ಬಿಟ್ಟುಕೊಟ್ಟು ಮಾಲಕತ್ವವನ್ನು ಇಟ್ಟುಕೊಂಡರು. ನಮ್ಮ ಉದ್ಯಮದಲ್ಲೇ ನೋಡಿ, ಎಂಟಿಆರ್ ಫುಡ್ಸ್ ಕಂಪೆನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾದವರು ಕೊಂಡರು. ಬೆಂಗಳೂರಿನ ಎಂಟಿಆರ್ ಹೋಟೆಲು ಮಾತ್ರ ಮಯ್ಯರ ಕುಟುಂಬದಲ್ಲೇ ಉಳಿಯಿತು.

ಇನ್ನು ಕಾಗದಪತ್ರ. ನಾನು ಹತ್ತನೆಯ ತರಗತಿ ಓದಿದವನು, ವಕೀಲನಲ್ಲ. ಆದರೂ ಇಷ್ಟು ನಮ್ಮ ಪ್ರತಿಯೊಬ್ಬರಿಗೂ ತಿಳಿದಿರಬೇಕು. 1932ರ ಪಾಲುದಾರಿಕೆ ಕಾಯ್ದೆಯ 42ನೆಯ ಕಲಮಿನಂತೆ, ಡೀಡಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ಕೂಡಲೇ ಫರ್ಮು ಮುಗಿಯಿತು. ಇಬ್ಬರೇ ಪಾಲುದಾರರಿದ್ದರೆ ಏನು ಬರೆದಿದ್ದರೂ ಮುಗಿಯುತ್ತದೆ, ಹಾಗಾಗಿ ಮಗನನ್ನೋ ಮಗಳನ್ನೋ ಮೂರನೆಯವರಾಗಿ ಮೊದಲೇ ಸೇರಿಸಿಕೊಳ್ಳಿ. ಸತ್ತವರ ಲೆಕ್ಕ ತೀರಿಸದೆ ವ್ಯಾಪಾರ ಮುಂದುವರಿಸಿದರೆ ಅವರ ಮನೆಯವರು ಲಾಭದ ಪಾಲನ್ನಾದರೂ ಕೇಳಬಹುದು, ಅವರ ಹಣಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿಯನ್ನಾದರೂ ಕೇಳಬಹುದು.

ಪಗಡಿ ಜಾಗದವರು ಇನ್ನೂ ಎಚ್ಚರವಿರಬೇಕು. ಬಾಡಿಗೆ ರಸೀದಿ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ತೆಗೆದು ನೋಡಿ, ಎಷ್ಟೋ ಕಡೆ ಅದು ಇನ್ನೂ ಅಜ್ಜನ ಹೆಸರಿನಲ್ಲೇ ಇರುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಬಾಡಿಗೆದಾರ ತೀರಿಕೊಂಡಾಗ ಅವರೊಡನೆ ಆ ಜಾಗದಲ್ಲಿ ವ್ಯಾಪಾರ ಮಾಡುತ್ತಿದ್ದ ಕುಟುಂಬದವರಿಗೆ ಹಕ್ಕು ಮೊದಲು. ಅಂಥವರಿಲ್ಲದಿದ್ದರೆ ವಾರಸುದಾರರು ತಮ್ಮೊಳಗೆ ಒಪ್ಪಬೇಕು, ಒಪ್ಪದಿದ್ದರೆ ಕೋರ್ಟು. ಆದ್ದರಿಂದ ಪಗಡಿ ಹೋಟೆಲನ್ನು "ಕಿರಿಯವನಿಗೆ" ಎಂದು ಉಯಿಲಿನಲ್ಲಿ ಬರೆದು ನಿಶ್ಚಿಂತೆಯಾಗಿ ನಿದ್ದೆ ಮಾಡುವಂತಿಲ್ಲ. ಆಹಾರ ಲೈಸೆನ್ಸು ಒಬ್ಬರ ಹೆಸರಿನಲ್ಲಿದ್ದರೆ ಅವರ ನಂತರ ಅದು ನಡೆಯುವುದು 90 ದಿನ ಮಾತ್ರ, ಅಷ್ಟರೊಳಗೆ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ದುಃಖದ ಮನೆಯಲ್ಲಿ 90 ದಿನ ಹೋದದ್ದೇ ಗೊತ್ತಾಗುವುದಿಲ್ಲ.

ಹೆಣ್ಣುಮಕ್ಕಳ ವಿಷಯ. "ಮದುವೆಗೆ ಚಿನ್ನ ಹಾಕಿದ್ದೇವಲ್ಲ" ಎಂಬ ಮಾತು ಕೋರ್ಟಿನಲ್ಲಿ ನಡೆಯದು. ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಅವನ ಸ್ವಂತ ದುಡಿಮೆಯ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿಯಿಂದ ಮಗಳು ಮಗನಿಗೆ ಸಮ. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ತಂಗಿಯ ಸಹಿ ತೆಗೆದುಕೊಳ್ಳಲು ಊರಿಗೆ ಓಡುವ ಮೊದಲು, ಲೆಕ್ಕದ ಪುಸ್ತಕವನ್ನು ಅವಳ ಮುಂದೆ ಇಡುವ ಧೈರ್ಯ ಇದೆಯೇ ಎಂದು ಕೇಳಿಕೊಳ್ಳಿ.

ಗಲ್ಲಾ ಯಾರಿಗೆ ಎಂಬುದು ಮಾತ್ರ ಯಾವ ಕಾಯ್ದೆಯಲ್ಲೂ ಇಲ್ಲ. ಹಿರಿಮಗನಿಗೇ ಆಗಬೇಕೆಂದಿಲ್ಲ. ಮಗಳೋ ಸೊಸೆಯೋ ಚುರುಕಾಗಿದ್ದರೆ ಅವರಿಗೇ ಆಗಲಿ. ನನ್ನ ಅಭಿಪ್ರಾಯದಲ್ಲಿ ಮೊದಲು ವಾಶಿ ಮಾರ್ಕೆಟಿನ ಖರೀದಿ, ಆಮೇಲೆ ಅಡುಗೆಮನೆ ಮತ್ತು ಕೆಲಸದವರ ರಜೆ, ಕೊನೆಗೆ ಬ್ಯಾಂಕಿನ ಸಹಿ, ಹೀಗೆ ಒಂದೆರಡು ವರ್ಷದಲ್ಲಿ ಬಿಟ್ಟುಕೊಡಬೇಕು. ಬಿಟ್ಟ ಮೇಲೆ ಹಳೆಯ ಧನಿ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರಬಾರದು. ಭಟ್ಟರು ಅಡ್ವಾನ್ಸ್ ಕೇಳಲು ಅವರ ಹತ್ತಿರವೇ ಹೋಗುತ್ತಿದ್ದರೆ ಹೊಸಬನ ಮಾತಿಗೆ ಬೆಲೆ ಬರುವುದು ಹೇಗೆ?

ಮನೆಯಲ್ಲಿ ಯಾರಿಗೂ ಮನಸ್ಸಿಲ್ಲವೆಂದರೆ ಒತ್ತಾಯ ಬೇಡ. ಕಂಡಕ್ಟಿಂಗಿಗೆ ಕೊಟ್ಟು ಬಂದ ಹಣವನ್ನು ಪಾಲಿನಂತೆ ಹಂಚಿಕೊಳ್ಳಬಹುದು. ಪಗಡಿ ಜಾಗವಾದರೆ ಮಾತ್ರ ಮೊದಲು ಜಾಗದ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಒಳಬಾಡಿಗೆ ಕೊಟ್ಟಿದ್ದಾರೆಂದು ಅವರು ಕೋರ್ಟಿಗೆ ಹೋದರೆ ಜಾಗವೇ ಕೈತಪ್ಪಬಹುದು.